ಅವ್ವ ಕಾಶಿಯಲ್ಲಿ ಬಿಟ್ಟು ಬಂದದ್ದು

ವಡೋದರಾದ ಮಕರಪುರದಲ್ಲಿದ್ದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಬೇಳೆಯ ಡಬ್ಬಿಗಳ ಮೇಲಿನ ಗೋಡೆಗೆ, ನಾನು ಕೈಯಾರೆ ಬರೆದು ಅಂಟಿಸಿದ ಒಂದು ಹಾಳೆ ಇತ್ತು. ಅವ್ವ ದಿನಕ್ಕೆ ಏನೇನು ತಿನ್ನಬೇಕು, ಎಷ್ಟೆಷ್ಟು ತಿನ್ನಬೇಕು ಎಂಬ ಪಟ್ಟಿ. ರಾಗಿ ಇಷ್ಟು, ಎಳ್ಳು ಇಷ್ಟು, ಬೇಳೆ ಇಷ್ಟು, ಸೊಪ್ಪು ಇಷ್ಟು. ಕೆಂಪು ಸ್ಕೆಚ್ ಪೆನ್ನಿನಲ್ಲಿ ಗೆರೆ, ನೀಲಿಯಲ್ಲಿ ಅಕ್ಷರ. ಮನೆಗೆ ಬಂದವರಿಗೆಲ್ಲ ಅವ್ವ ಅದನ್ನು ತೋರಿಸಿ, "ನಮ್ಮಾಕಿ ಇದನ್ನೆಲ್ಲಾ ಕಾಲೇಜಿನಾಗ ಕಲತಾಳ" ಎನ್ನುತ್ತಿದ್ದಳು. ಆ ಹಾಳೆ ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನಾವು ಧಾರವಾಡದ ಕಡೆಯವರು. ಅಪ್ಪ ಮಕರಪುರದ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ವಿಭಾಗ ನೋಡಿಕೊಳ್ಳುತ್ತಿದ್ದರು. ಒಬ್ಬಳೇ ಮಗಳು ನಾನು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಫತೇಗಂಜಿನ ಬಳಿ ಕಾಲೇಜಿಗೆ ಹೋಗಿ ಆಹಾರಶಾಸ್ತ್ರ ಓದಿದೆ. ಅಪ್ಪ ಅದನ್ನು "ಅಡಿಗಿ ಡಿಗ್ರಿ" ಎಂದು ಕರೆದು ನಗುತ್ತಿದ್ದರು. "ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮ ಅಜ್ಜಿ ಪುಕ್ಕಟೆ ಹೇಳಿಕೊಟ್ಟಾಳ. ನೀ ಅದನ್ನೇ ಮೂರು ವರ್ಷ ಓದ್ತೀಯಲ್ಲ!" ಎನ್ನುತ್ತಿದ್ದರು. ನಾನು ಮುಖ ಊದಿಸಿಕೊಂಡು ನೋಟ್ಸ್ ಬರೆಯುತ್ತಾ ಕೂರುತ್ತಿದ್ದೆ.

ಆದರೆ ಆ ಪಾಠಗಳಲ್ಲಿ ನನಗೆ ಬಹಳ ಹಿಡಿಸಿದ್ದು ರೋಗಗಳ ಚರಿತ್ರೆ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ವಸಡಿನಿಂದ ರಕ್ತ ಸುರಿಸುತ್ತಿದ್ದ ನಾವಿಕರು, ಅವರನ್ನು ಬದುಕಿಸಿದ ನಿಂಬೆಹಣ್ಣು. ಪಾಲಿಶ್ ಮಾಡಿದ ಅಕ್ಕಿ ತಿಂದು ಕಾಲು ಬಿದ್ದುಹೋದ ಕೋಳಿಗಳು, ತೌಡು ತಿಂದು ಎದ್ದು ಓಡಾಡಿದ ಅವೇ ಕೋಳಿಗಳು. ಎಲ್ಲಕ್ಕಿಂತ ವಿಚಿತ್ರವಾಗಿದ್ದು ಪಿತ್ತಜನಕಾಂಗದ ಕಥೆ. ಹಿಂದೆ ಯುರೋಪಿನಲ್ಲಿ ಒಂದು ರಕ್ತಹೀನತೆ ಇತ್ತಂತೆ. ಬಂದವರು ಎರಡು ಮೂರು ವರ್ಷಗಳಲ್ಲಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಕಾಲು ಜೋಮು ಹಿಡಿದು, ತಲೆ ಕೆಟ್ಟು ಸಾಯುತ್ತಿದ್ದರು. ಯಾವ ಮದ್ದೂ ನಾಟುತ್ತಿರಲಿಲ್ಲ. ಕೊನೆಗೆ ಯಾರೋ ಅರೆಬೆಂದ ಪಿತ್ತಜನಕಾಂಗವನ್ನು ದಿನಾ ತಟ್ಟೆ ತುಂಬ ತಿನ್ನಿಸಿ ನೋಡಿದರು. ಸಾಯಲು ಮಲಗಿದ್ದವರು ಎದ್ದು ಕೂತರು. ಬಹಳ ವರ್ಷಗಳ ನಂತರ ಅದರೊಳಗಿಂದ ಕೆಂಪು ಹರಳಿನಂಥ ಒಂದು ವಸ್ತುವನ್ನು ಬೇರ್ಪಡಿಸಿದರು. ಅದೇ ಬಿ-12.

ಸಸ್ಯಾಹಾರಿ ಹುಡುಗಿಯರಾದ ನಾವೆಲ್ಲ ಆ ಪಾಠ ಕೇಳುವಾಗ ಮೂಗು ಮುಚ್ಚಿಕೊಂಡು ನಕ್ಕಿದ್ದೆವು. ಗಿಡಮರಗಳು ಈ ಜೀವಸತ್ವ ಮಾಡಲಾರವು, ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಹಸುವಿನ ಹೊಟ್ಟೆಯಲ್ಲಿ ಅವು ಮಾಡಿದ್ದು ಹಾಲಿನಲ್ಲಿ ಚೂರು ನಮಗೆ ಬರುತ್ತದೆ, ನಮ್ಮಂಥವರಿಗೆ ಅದೊಂದೇ ದಾರಿ ಎಂದು ಪುಸ್ತಕದಲ್ಲಿತ್ತು. ಆ ಪಾಠದ ಮೇಲೆ ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಬಂತು. ಇಡೀ ಕ್ಲಾಸಿಗೆ ನನಗೇ ಹೆಚ್ಚು ಅಂಕ.

ಅದೇ ಪಾಠದ ಕೊನೆಗೆ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಂಗತಿ ಇತ್ತು. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಹಿರಿಯ ಹುಡುಗಿಯರು ಹೇಳಿದ್ದರು. ನಾನು ಓದದೆ ಬಿಟ್ಟೆ.

ಮದುವೆಯಾಗಿ ಸೂರತ್‌ಗೆ ಹೋದೆ. ಅಡಾಜಣ್‌ನಲ್ಲಿ ಮೂರನೇ ಮಹಡಿಯ ಫ್ಲಾಟು, ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ಮರುವರ್ಷ ಬಸುರಾದೆ. ಏಳು ತಿಂಗಳಿಗೆ ಕೂಸು ಹೊಟ್ಟೆಯಲ್ಲೇ ಹೋಯಿತು. ಹೆಣ್ಣುಮಗು ಎಂದು ನರ್ಸು ಹೇಳಿದಳು, ತೋರಿಸಲಿಲ್ಲ. ಅವ್ವ ಒಂದು ತಿಂಗಳು ನನ್ನ ಜೊತೆಗಿದ್ದು ಬಾಣಂತಿಗೆ ಮಾಡುವ ಎಲ್ಲ ಉಪಚಾರವನ್ನೂ ಮಾಡಿದಳು. ಕೂಸಿಲ್ಲದ ಮನೆಯಲ್ಲಿ ಎಣ್ಣೆ ನೀರು, ಕೊಬ್ಬರಿಖಾರ, ಅಂಟಿನ ಉಂಡಿ. ತಿರುಗಿ ಹೋಗುವಾಗ ಸೂರತ್ ಸ್ಟೇಷನ್ನಿನಲ್ಲಿ ಅವ್ವ ನನ್ನ ಗಲ್ಲ ಹಿಡಿದು, "ಆಗ್ತದವಾ, ಎಲ್ಲಾ ಛಲೋ ಆಗ್ತದ" ಎಂದಷ್ಟೇ ಅಂದಳು.

ಆ ಚಳಿಗಾಲದಲ್ಲಿ ಅಪ್ಪ ಅವ್ವ ಕಾಶಿಗೆ ಹೋದರು. ಕಾಶಿಗೆ ಹೋದವರು ಅಲ್ಲಿ ಏನಾದರೊಂದು ತಿನ್ನುವ ವಸ್ತುವನ್ನು ಬಿಟ್ಟು ಬರಬೇಕು. ಬಿಟ್ಟದ್ದನ್ನು ಸಾಯುವ ತನಕ ಮುಟ್ಟುವ ಹಾಗಿಲ್ಲ. ಪ್ರೀತಿಯದ್ದನ್ನೇ ಬಿಡಬೇಕು ಎಂಬುದು ಮಾತು, ಆದರೆ ಜಾಣರು ಅದಕ್ಕೂ ದಾರಿ ಹುಡುಕಿಕೊಂಡಿರುತ್ತಾರೆ. ಅಪ್ಪ ಹಾಗಲಕಾಯಿ ಬಿಟ್ಟು ಬಂದರು. ಹುಟ್ಟಿದಾಗಿನಿಂದ ಅವರು ಹಾಗಲಕಾಯಿ ಬಾಯಿಗಿಟ್ಟವರಲ್ಲ. "ವಿಶ್ವನಾಥನಿಗೇ ಟೋಪಿ ಹಾಕಿ ಬಂದ್ರಿ" ಎಂದು ನಾನು ಗೇಲಿ ಮಾಡಿದೆ. ಅವ್ವ ಏನು ಬಿಟ್ಟಳು ಎಂದು ಕೇಳಿದರೆ ಅಪ್ಪನ ನಗು ನಿಂತಿತು.

"ಹೈನ ಬಿಟ್ಟಾಳ" ಎಂದರು.

ಹೈನವೆಂದರೆ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಎಲ್ಲವೂ. ಜೋಳದ ರೊಟ್ಟಿಯ ಮೇಲೆ ಕೆನೆಮೊಸರು ಇಲ್ಲದಿದ್ದರೆ ಊಟವೇ ಅಲ್ಲ ಎನ್ನುತ್ತಿದ್ದ ಹೆಂಗಸು ನನ್ನವ್ವ. ಕೆನೆಯನ್ನು ಕದ್ದು ತಿನ್ನುವ ಬೆಕ್ಕು ನಮ್ಮ ಮನೆಯಲ್ಲಿ ಎರಡು ಕಾಲಿನದು ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದರು. ಯಾಕೆ ಬಿಟ್ಟೆ ಎಂದು ಎಷ್ಟು ಸಲ ಕೇಳಿದರೂ ಅವ್ವ, "ಬಾಯಿಗೆ ಬಂತು, ಬಿಟ್ಟೆ" ಎಂದು ಹೇಳಿ ಮಾತು ತೇಲಿಸಿಬಿಟ್ಟಳು.

ಗುಜರಾತಿನಲ್ಲಿದ್ದುಕೊಂಡು ಹಾಲು ಮಜ್ಜಿಗೆ ಬಿಡುವುದೆಂದರೆ ಹೊಳೆಯಲ್ಲಿದ್ದು ನೀರು ಬಿಟ್ಟ ಹಾಗೆ. ಎಲ್ಲರೂ ಬೆನ್ ಎಂದು ಕರೆಯುವ ಪಕ್ಕದ ಮನೆಯ ಗುಜರಾತಿ ಅಕ್ಕ ದಿನಾ ಮಧ್ಯಾಹ್ನ ಒಂದು ಲೋಟ ಛಾಸ್ ಕಳಿಸುವ ರೂಢಿ. ಅವ್ವ ಬೇಡವೆಂದಾಗ ಆಕೆ ಬಾಗಿಲಿಗೇ ಬಂದು, "ಛಾಸ್ ವಗರ್ ಜಮ್ವಾನುಂ ಕೇಮ್ ಚಾಲೆ?" ಎಂದು ಗಾಬರಿಯಾದರು. ಮಜ್ಜಿಗೆಯಿಲ್ಲದೆ ಊಟ ಹೇಗೆ ಇಳಿಯುತ್ತದೆ ಎಂಬುದು ಅವರ ಚಿಂತೆ. ಕಾಶಿಯ ವಿಷಯ ತಿಳಿದ ಮೇಲೆ ಕಣ್ಣಿಗೆ ಸೆರಗು ಒತ್ತಿಕೊಂಡು, ಓಣಿಗೆಲ್ಲ ಹೇಳಿದರು. ಅವ್ವ ಕರಿ ಚಹಾಕ್ಕೆ ನಿಂಬೆಹುಳಿ ಹಿಂಡುವುದನ್ನು ಎಲ್ಲರೂ ಭಕ್ತಿಯಿಂದ ನೋಡತೊಡಗಿದರು.

ನಾನು ಮಾತ್ರ ಡಿಗ್ರಿ ಹೋಲ್ಡರ್! ಹಾಲು ಬಿಟ್ಟರೆ ಮೂಳೆ ಸವೆಯುತ್ತದೆಂದು ಪುಸ್ತಕ ಬಿಚ್ಚಿ ಕೂತೆ. ಹಾಲಿನ ಸುಣ್ಣದಂಶಕ್ಕೆ ಬದಲು ರಾಗಿ, ಎಳ್ಳು. ಅದರ ಪ್ರೋಟೀನಿಗೆ ಬದಲು ಬೇಳೆ, ಶೇಂಗಾ. ಕಬ್ಬಿಣಕ್ಕೆ ಸೊಪ್ಪು. ಯಾವ ಕಾಳಿನಲ್ಲಿ ಏನೆಷ್ಟಿದೆ ಎಂದು ತಿಳಿಸುವ ಕೋಷ್ಟಕ ನನ್ನ ಹತ್ತಿರ ಇತ್ತು. ಅದರಲ್ಲಿ ಬಿ-12ಕ್ಕೆ ಒಂದು ಕಾಲಮ್ಮೇ ಇರಲಿಲ್ಲ. ಇಲ್ಲದ ಕಾಲಮ್ ನನಗೂ ನೆನಪಾಗಲಿಲ್ಲ. ಪುಸ್ತಕದ ಬದನೆಕಾಯಿ ಎನ್ನುತ್ತಾರಲ್ಲ, ಅದನ್ನೇ ಹೆಚ್ಚಿ, ಬಣ್ಣದ ಪೆನ್ನಿನಲ್ಲಿ ಬರೆದು, ಅವ್ವನ ಗೋಡೆಗೆ ಅಂಟಿಸಿ ಬಂದೆ.

ಮುಂದಿನ ವರ್ಷ ನನ್ನ ಮಗಳು ಹುಟ್ಟಿದಳು. ನೆಟ್ಟಗೆ, ಒಂಬತ್ತು ತಿಂಗಳು ತುಂಬಿ, ಊರೆಲ್ಲ ಕೇಳುವ ಹಾಗೆ ಅಳುತ್ತಾ ಹುಟ್ಟಿದಳು. ಅವ್ವ ಅವಳನ್ನು ಮೊದಲು ಎತ್ತಿಕೊಂಡಾಗ ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಯಾಕೆ ನಿಂತಳು ಎಂದು ನಾನು ಯೋಚಿಸಲಿಲ್ಲ.

ಹಾಲು ಬಿಟ್ಟು ಮೂರು ವರ್ಷ ಏನೂ ಆಗಲಿಲ್ಲ. ಲಿವರಿನಲ್ಲಿ ಹಳೆಯ ದಾಸ್ತಾನು ಇರುತ್ತದೆ, ಅದು ಕರಗುವ ತನಕ ರೋಗ ಮುಖ ತೋರಿಸುವುದಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾದದ್ದು. ಮೊದಲು ಅವ್ವನಿಗೆ ನಾಲಿಗೆ ಉರಿಯತೊಡಗಿತು. ಕೆಂಪಾಗಿ, ನುಣ್ಣಗಾಗಿ, ಖಾರ ಸೋಕಿದರೆ ಕಣ್ಣೀರು ಬರುತ್ತಿತ್ತು. ಆಮೇಲೆ ಆಯಾಸ. ಆಮೇಲೆ ಕಾಲು. "ಅಂಗಾಲಾಗ ಇರಿವಿ ಹರಿದಂಗ ಆಗ್ತದ" ಎಂದಳು ಫೋನಿನಲ್ಲಿ. ಬಿಸಿನೀರಿನಲ್ಲಿ ಕಾಲಿಟ್ಟುಕೋ ಎಂದೆ. ಒಂದು ದಿನ ತರಕಾರಿ ತರಲು ಹೋದವಳು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳಂತೆ. ಇನ್ನೊಂದು ಎಲ್ಲಿ ಜಾರಿ ಹೋಯಿತು ಎಂಬುದು ಅವಳ ಕಾಲಿಗೇ ತಿಳಿದಿರಲಿಲ್ಲ. ಅಪ್ಪ ಅದನ್ನು ಹುಡುಕಿ ತಂದು, ಎರಡಕ್ಕೂ ಹಿಂದೆ ಇಲಾಸ್ಟಿಕ್ ಹೊಲಿದುಕೊಟ್ಟರು.

ಅವಳ ಸ್ವಭಾವವೂ ಬದಲಾಯಿತು. ಎಂದೂ ಗದರದವಳು ಅಪ್ಪನ ಮೇಲೆ ಹರಿಹಾಯತೊಡಗಿದಳು. ಸಾರಿಗೆ ಎರಡು ಸಲ ಉಪ್ಪು ಹಾಕುವಳು. ಹೇಳಿದ್ದನ್ನೇ ಹೇಳುವಳು. ಶನಿವಾರ ಸೂರತ್‌ನಿಂದ ರೈಲಿನಲ್ಲಿ ಬಂದ ನಾನು ಒಂದು ದಿನ ತಾಳ್ಮೆಗೆಟ್ಟು, "ಎಷ್ಟು ಸಲ ಅದನ್ನ ಕೇಳ್ತೀ? ತಲಿ ಎಲ್ಲಿ ಇಟ್ಟೀ?" ಎಂದು ರೇಗಿದೆ. ಅವ್ವ ಸೌಟು ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಳು. "ತಿಳೀವಲ್ದು ನೋಡವಾ" ಎಂದಳು. ಅವಳು ನಿಜವನ್ನೇ ಹೇಳುತ್ತಿದ್ದಳು. ನಾನು ಅದನ್ನು ಎದುರುತ್ತರ ಅಂದುಕೊಂಡೆ.

ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಬಹಳ ಕಡಿಮೆ. ಹೆಂಗಸರಿಗೆ ರಕ್ತ ಕಡಿಮೆಯಾದರೆ ಏನು ಕೊಡಬೇಕೆಂದು ನನಗೆ ಗೊತ್ತಿಲ್ಲವೇ? ಡಾಕ್ಟರನ್ನೂ ಕೇಳದೆ ಕಬ್ಬಿಣದ ಗುಳಿಗೆ ತಂದೆ, ಜೊತೆಗೆ ಫೋಲಿಕ್ ಆಸಿಡ್ಡಿನ ಪುಟ್ಟ ಹಳದಿ ಗುಳಿಗೆ. ನಾನು ಬಸುರಿಯಾಗಿದ್ದಾಗ ನುಂಗಿದ್ದು ಅವೇ. ಎರಡು ತಿಂಗಳಲ್ಲಿ ಅವ್ವನ ಗಲ್ಲ ಕೆಂಪಾಯಿತು. ರಕ್ತದ ರಿಪೋರ್ಟು ಮೇಲಕ್ಕೇರಿತು. ಅಪ್ಪ ಮೊದಲ ಸಲ ನನ್ನ ಡಿಗ್ರಿಯನ್ನು ಹೊಗಳಿದರು. ನಾನು ಪಕ್ಕದ ಮನೆಯ ಬೆನ್‌ಗೂ ಅದೇ ಗುಳಿಗೆಯ ಹೆಸರು ಬರೆದುಕೊಟ್ಟೆ.

ಕಾಲು ಮಾತ್ರ ಇನ್ನೂ ಕೆಡುತ್ತಾ ಹೋಯಿತು. ವಯಸ್ಸಾಯಿತು, ವಾಯು ಎಂದುಕೊಂಡೆವು. ಎಣ್ಣೆ ತಿಕ್ಕಿದೆವು.

ಆ ವರ್ಷದ ನವರಾತ್ರಿಗೆ ನಾನು ಮಗಳನ್ನು ಕರೆದುಕೊಂಡು ವಡೋದರಾಕ್ಕೆ ಬಂದಿದ್ದೆ. ಸೊಸೈಟಿಯ ಅಂಗಳದಲ್ಲಿ ಮಾತಾಜಿಯ ಮೂರ್ತಿ ಇಟ್ಟಿದ್ದರು. ಸಂಜೆ, ಗರಬಾಕ್ಕೆ ಮುಂಚೆ, ಆರತಿ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಅವ್ವ ಕೈಮುಗಿದು ಕಣ್ಣು ಮುಚ್ಚಿದಳು. ಮುಚ್ಚಿದ್ದೇ ತಡ, ಅವಳ ಮೈ ತೂಗಾಡತೊಡಗಿತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. "ಮಾತಾಜಿ ಆವ್ಯಾ!" ಎಂದು ಯಾರೋ ಕೂಗಿದರು. ಮೈಮೇಲೆ ದೇವಿ ಬಂದಳೆಂದು ಹೆಂಗಸರೆಲ್ಲ ಸುತ್ತುಗಟ್ಟಿದರು. ಹಾಲು ಮೊಸರು ಬಿಟ್ಟ ತಪಸ್ವಿನಿಗೆ ಬರದೆ ಇನ್ಯಾರಿಗೆ ಬಂದಾಳು? ಒಬ್ಬಾಕೆ ಕಾಲಿಗೆ ಬಿದ್ದಳು. ಇನ್ನೊಬ್ಬಾಕೆ ತನ್ನ ಮಗನಿಗೆ ಯಾವಾಗ ಕೆಲಸ ಸಿಗುತ್ತದೆಂದು ಕೇಳಿದಳು. ಕಾಲು ಹಿಡಿದದ್ದರಿಂದ ಅವ್ವ ತೂಕ ತಪ್ಪಿ ನೆಟ್ಟಗೆ ಹಿಂದಕ್ಕೆ ಬಿದ್ದಳು. ಬಿದ್ದವಳಿಗೆ ಕುಂಕುಮ ಹಚ್ಚಿದರು.

ಮನೆಗೆ ಕರೆತಂದು ಮಲಗಿಸಿದಾಗ ಅವ್ವ ನಾಚಿಕೆಯಿಂದ ಅಳುತ್ತಿದ್ದಳು. "ನನ್ನ ಮೈಮ್ಯಾಲೆ ಯಾರೂ ಬಂದಿದ್ದಿಲ್ಲವಾ" ಎಂದಳು. "ಕಣ್ಣು ಮುಚ್ಚಿದೆ. ಕಾಲು ಎಲ್ಲಿ ಅದಾವ ಅನ್ನೋದ ತಿಳೀಲಿಲ್ಲ. ಅಷ್ಟ."

ಇದನ್ನು ಎಲ್ಲೋ ಓದಿದ್ದೇನೆ ಅನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

ಅಹಮದಾಬಾದಿಗೆ ಕರೆದುಕೊಂಡು ಹೋದೆವು. ನರರೋಗದ ವಯಸ್ಸಾದ ಡಾಕ್ಟರು, ಮೆಲುದನಿಯವರು. ಅವ್ವನನ್ನು ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳಿದರು. ಬೀಳುವ ಮುಂಚೆ ಅವರೇ ಹಿಡಿದುಕೊಂಡರು. ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ, ಎತ್ತ ಹೋಯಿತು ಹೇಳಿ ಎಂದರು. ಅವ್ವ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಊಹಿಸಿ ಹೇಳಿದಳು, ಎಲ್ಲ ತಪ್ಪಾಯಿತು. ಕೂತ ಮೇಲೆ, ಅವ್ವ ಏನು ಊಟ ಮಾಡುತ್ತಾಳೆ ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಆಹಾರಶಾಸ್ತ್ರ ಓದಿದವಳು ಎಂದು ಮೊದಲು ಹೇಳಿ, ಆಮೇಲೆ ಹಾಳೆಯಲ್ಲಿದ್ದುದನ್ನೆಲ್ಲ ಹೇಳಿದೆ.

"ಹಾಲು?" ಎಂದರು ಹಿಂದಿಯಲ್ಲಿ.

"ಬಿಟ್ಟು ಐದು ವರ್ಷವಾಯಿತು."

ಅವರು ಪೆನ್ನು ಕೆಳಗಿಟ್ಟರು. ಆ ಕ್ಷಣಕ್ಕೆ ನನಗೂ ಎಲ್ಲ ನೆನಪಾಯಿತು. ಜೋಮು ಹಿಡಿದ ಕಾಲು, ನುಣುಪಾದ ನಾಲಿಗೆ, ಕೆಟ್ಟ ತಲೆ, ಮೂಗು ಮುಚ್ಚಿ ನಕ್ಕ ಹುಡುಗಿಯರು. ಡಾಕ್ಟರು ರಕ್ತದ ರಿಪೋರ್ಟು ತಿರುವಿ ಹಾಕುತ್ತಾ, ರಕ್ತ ಇಷ್ಟು ಚೆನ್ನಾಗಿದೆಯಲ್ಲ, ಫೋಲಿಕ್ ಆಸಿಡ್ ಕೊಟ್ಟವರು ಯಾರು ಎಂದು ಕೇಳಿದರು.

"ನಾನೇ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಹಳದಿ ಗುಳಿಗೆ ರಕ್ತವನ್ನು ಸರಿಮಾಡಿ ರೋಗವನ್ನು ಬಚ್ಚಿಡುತ್ತದೆ, ಒಳಗೆ ಬೆನ್ನುಹುರಿ ಸವೆಯುತ್ತಲೇ ಹೋಗುತ್ತದೆ ಎಂದು ನಿಧಾನವಾಗಿ ಹೇಳಿದರು. ಹಿಂದೊಮ್ಮೆ ದೊಡ್ಡ ದೊಡ್ಡ ಡಾಕ್ಟರುಗಳೇ ಈ ತಪ್ಪು ಮಾಡಿದ್ದರಂತೆ. ರೋಗಿಗಳ ಮುಖ ಕೆಂಪಾದದ್ದು ನೋಡಿ ಸಂಭ್ರಮಪಟ್ಟರಂತೆ, ಅಷ್ಟರಲ್ಲಿ ರೋಗಿಗಳ ಕಾಲು ಹೋಯಿತಂತೆ. "ರಕ್ತ ಕೆಟ್ಟೇ ಇದ್ದಿದ್ದರೆ ಒಳ್ಳೆಯದಿತ್ತು ಬೇಟಿ. ಅದು ಯಾರಿಗಾದರೂ ಸುಳಿವು ಕೊಡುತ್ತಿತ್ತು" ಎಂದರು. ನಾನು ಓದದೆ ಬಿಟ್ಟ ಸಣ್ಣ ಅಕ್ಷರದ ಪಾಠ ಇದೇ ಆಗಿತ್ತು. ಅವ್ವ ನಮ್ಮ ಹಿಂದಿ ಪೂರ್ತಿ ಅರ್ಥವಾಗದೆ, ತನ್ನ ಮಗಳು ಹೊಗಳಿಸಿಕೊಳ್ಳುತ್ತಿದ್ದಾಳೆಂಬಂತೆ ಡಾಕ್ಟರರನ್ನು ನೋಡಿ ನಗುತ್ತಿದ್ದಳು.

ಇಂಜೆಕ್ಷನ್ ಶುರುವಾಯಿತು. ಸಿರಿಂಜಿನಲ್ಲಿ ದಾಳಿಂಬೆ ರಸದ ಬಣ್ಣ. "ಇದರಾಗ ಮಾಂಸದ್ದು ಏನರ ಅದನ? ಹಾಲಿಂದು?" ಎಂದು ಅವ್ವ ಮೊದಲ ದಿನವೇ ಕೇಳಿದಳು. ಕಾರ್ಖಾನೆಯ ಪೀಪಾಯಿಯಲ್ಲಿ ಸೂಕ್ಷ್ಮಜೀವಿಗಳು ಮಾಡಿದ್ದು, ನಮ್ಮ ದೋಸೆ ಹಿಟ್ಟು ಹುಳಿಯಾಗುವ ಹಾಗೆ ಎಂದು ಆಣೆ ಮಾಡಿ ಹೇಳಿದ ಮೇಲೆ ತೋಳು ಕೊಟ್ಟಳು. ತಿಂಗಳೊಳಗೆ ನಾಲಿಗೆಯ ಉರಿ ಹೋಯಿತು. ಮರೆವು ಹೋಯಿತು. ಅಪ್ಪನ ಮೇಲೆ ಹರಿಹಾಯುವುದು ನಿಂತಿತು. "ಬೈದರ ಮನಿ ತುಂಬಿದಂಗಿತ್ತು" ಎಂದು ಅಪ್ಪ ನಗಿಸಲು ನೋಡಿದರು.

ಕಾಲು ಬರಲಿಲ್ಲ. ಗೋಡೆ ಹಿಡಿದು ಅಡುಗೆಮನೆಯ ತನಕ ಬರುವಳು, ಅಷ್ಟೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳನ್ನು ಸ್ವಲ್ಪ ದಿನ ಸೂರತ್‌ಗೆ ಕರೆದೊಯ್ಯಲು ಸಾಮಾನು ಕಟ್ಟುತ್ತಿದ್ದೆ. ಹಳೆಯ ಕ್ಯಾಲೆಂಡರುಗಳು ಸಿಕ್ಕವು. ಹಿಂದಿನ ಐದು ವರ್ಷದವು, ಒಂದರ ಮೇಲೊಂದು ಮೊಳೆಗೆ ತೂಗುಹಾಕಿದ್ದವು. ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲಿನಲ್ಲಿ ಪುಟ್ಟ ಅಕ್ಷರಗಳು: ರಾ, ಎ, ಬೇ, ಸೊ. ರಾಗಿ, ಎಳ್ಳು, ಬೇಳೆ, ಸೊಪ್ಪು. ನಾನು ಬರೆದದ್ದನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಮೂರನೆಯ ವರ್ಷದ ನಂತರ ಅಕ್ಷರಗಳು ಸೊಟ್ಟಗಾಗುತ್ತಾ ಹೋಗಿದ್ದವು, ಆದರೂ ಇದ್ದವು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಾನು ಗೋಡೆಯ ಹಾಳೆಯನ್ನು ಕಿತ್ತು ಹರಿದೆ. ಅವರು ಚೂರುಗಳನ್ನು ಗುಡಿಸಿದರು.

ಅಡಾಜಣ್‌ನ ಫ್ಲಾಟಿನಲ್ಲಿ ಅವ್ವ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಇಂಜೆಕ್ಷನ್ ಜೊತೆಗೆ ಹಾಲು ಮೊಸರನ್ನೂ ಶುರುಮಾಡಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ನಾನು ಬೇಡಿಕೊಂಡೆ, ಜಗಳವಾಡಿದೆ. ಆಪದ್ಧರ್ಮ ಅಂತ ಶಾಸ್ತ್ರದಲ್ಲೇ ಇದೆ ಎಂದೆ. ಅವ್ವ ತಲೆ ಅಲ್ಲಾಡಿಸುವಳು, ಅಷ್ಟೇ. ಒಂದು ಬೆಳಿಗ್ಗೆ ನನ್ನ ಮಗಳಿಗೆ ಹಾಲು ಕೊಟ್ಟಿದ್ದೆ. ಅರ್ಧ ಕುಡಿದು, "ಬಸ್ ಅಜ್ಜಿ, ಪೂರಾ ಹೋ ಗಯಾ" ಎಂದು, ಎಲ್ಲ ಕುಡಿದು ಮುಗಿಸಿದವಳ ಹಾಗೆ, ಲೋಟ ಮುಚ್ಚಿಡುತ್ತಿದ್ದಳು. ಅವ್ವ ಕುರ್ಚಿಯಿಂದಲೇ ಕೈಚಾಚಿ ಲೋಟ ತಗೊಂಡು, ಕಥೆ ಹೇಳುತ್ತಾ, ಗುಟುಕು ಗುಟುಕಾಗಿ ಪೂರ್ತಿ ಕುಡಿಸಿದಳು. ಕೊನೆಗೆ ಮಗುವಿನ ಮೇಲ್ತುಟಿಗೆ ಅಂಟಿದ್ದ ಕೆನೆಯನ್ನು ಬೆರಳಿನಿಂದ ತೆಗೆದು, ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ಅದನ್ನರ ಬಾಯಾಗ ಹಾಕ್ಕೋ ಅವ್ವಾ! ಯಾರಿಗೋಸ್ಕರ ಈ ಹಟ?" ಎಂದು ಕೂಗಿದೆ.

ಮಗು ಆಡಲು ಓಡಿತು. ಅವ್ವ ಅವಳು ಹೋದ ಕಡೆಗೇ ನೋಡುತ್ತಿದ್ದಳು.

"ನಿನ್ನ ಮೊದಲನೇ ಕೂಸು ಹೋತಲ್ಲ" ಎಂದಳು. "ಇನ್ನೊಂದು ಕೊಡು, ಉಳಿಸಿ ಕೊಡು, ನನಗ ಭಾಳ ಸೇರೂದನ್ನ ನಿನಗ ಬಿಡ್ತೀನಿ ಅಂತ ಗಂಗಿಯೊಳಗ ನಿಂತು ವಿಶ್ವನಾಥಗ ಹೇಳೀನಿ. ಅಂವ ಕೊಟ್ಟ. ಈಗ ನಾ ಬಿಟ್ಟದ್ದನ್ನ ತಿರುಗಿ ತಗೊಂಡರ, ಅಂವ ಕೊಟ್ಟದ್ದನ್ನ ತಿರುಗಿ ಕೇಳಿದ್ರ ಏನ್ ಮಾಡ್ಲಿ?"

ಅದಕ್ಕೆ ಉತ್ತರ ನನ್ನ ಬಳಿ ಬೇಕಾದಷ್ಟಿತ್ತು. ದೇವರು ಹಾಗೆ ವ್ಯಾಪಾರ ಮಾಡುವುದಿಲ್ಲ ಎನ್ನಬಹುದಿತ್ತು. ಮಗು ಉಳಿದದ್ದಕ್ಕೂ ನಿನ್ನ ಮೊಸರಿಗೂ ಸಂಬಂಧವಿಲ್ಲ ಎನ್ನಬಹುದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಮಗಳು ಏನಕ್ಕೋ ಕೆಮ್ಮಿದಳು.

ನಾನು ಬಾಯಿ ಮುಚ್ಚಿದೆ. ಇಂಜೆಕ್ಷನ್ ಇದೆಯಲ್ಲ, ಹಾಲು ಯಾಕೆ ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ಆ ಹೊತ್ತು ನನ್ನನ್ನು ಸುಮ್ಮನಿರಿಸಿದ್ದು ಹೆದರಿಕೆ. ಖಾಲಿ ಲೋಟವನ್ನು ತೊಳೆದು ಬೋರಲು ಹಾಕಿದೆ. ಆಮೇಲೆ ಅವ್ವ ಬದುಕಿದ್ದಷ್ಟು ವರ್ಷವೂ ಹಾಲು ಕುಡಿ ಎಂದು ಅವಳಿಗೆ ಒಮ್ಮೆಯೂ ಹೇಳಲಿಲ್ಲ.